ರನ್‌ವೇ ಕಡೆಗಿನ ಕೊನೆಯ ತಿರುವು

ಕೇಳುಗರೇ, ನಮಸ್ಕಾರ. ಸಣ್ಣ ವಿಮಾನ ಗಿರಗಿರನೆ ಸುತ್ತುತ್ತಾ ಕೆಳಗೆ ಬೀಳುವುದಕ್ಕೆ ಸ್ಪಿನ್ ಅಂತಾರೆ. 1912ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲಾರ್ಕ್‌ಹಿಲ್‌ನಲ್ಲಿ ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾಪಡೆಯ ಪೈಲಟ್ ಹೀಗೆ ಸಿಕ್ಕಿಬಿದ್ದರು. ಮೂತಿಯನ್ನು ಏರಿಳಿಸುವ ಹಿಡಿಕೆ, ಅಂದರೆ ಸ್ಟಿಕ್ಕನ್ನು ಹಿಂದಕ್ಕೆ ಎಳೆದರು, ವಿಮಾನ ಸುತ್ತುತ್ತಿದ್ದ ಕಡೆಗೇ ರಡ್ಡರ್ (ಮೂತಿಯನ್ನು ಎಡಕ್ಕೆ, ಬಲಕ್ಕೆ ತಿರುಗಿಸುವ ಬಾಲದ ಫಲಕ) ಒತ್ತಿದರು. ಏನೂ ಆಗಲಿಲ್ಲ. ಕೊನೆಗೆ ರಡ್ಡರನ್ನು ಪೂರ್ತಿ ಎದುರು ಕಡೆಗೆ ತಳ್ಳಿದರು ನೋಡಿ, ನೆಲ ಸುಮಾರು 50 ಅಡಿ ದೂರವಿರುವಾಗ ವಿಮಾನ ಮಾತು ಕೇಳಿತು.

ಇವತ್ತಿಗೂ ಪಾಠದ ತಿರುಳು ಅದೇ. ಎಂಜಿನ್ ಐಡಲ್‌ಗೆ (ತೀರಾ ಕಡಿಮೆ ಪವರ್‌ಗೆ), ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಫಲಕಗಳಾದ ಐಲೆರಾನ್ ನಡುವಿಗೆ, ಸುತ್ತಿನ ವಿರುದ್ಧ ಪೂರ್ತಿ ರಡ್ಡರ್, ಆಮೇಲೆ ಸ್ಟಿಕ್ ಮುಂದಕ್ಕೆ. ಸುತ್ತು ನಿಂತ ಕೂಡಲೇ ರಡ್ಡರ್ ನಡುವಿಗೆ ತಂದು, ಮೆಲ್ಲಗೆ ಮೇಲೆತ್ತಬೇಕು. ಕಷ್ಟ ಇರುವುದು ಸ್ಟಿಕ್ ಮುಂದಕ್ಕೆ ತಳ್ಳುವುದರಲ್ಲಿ. ನೆಲ ಎದುರಿಗೇ ನುಗ್ಗಿ ಬರುತ್ತಿರುವಾಗ ಯಾರ ಕೈಯಾದರೂ ಹಿಂದಕ್ಕೇ ಎಳೆಯುತ್ತದೆ, ಅಲ್ವಾ? ಆದರೆ ರೆಕ್ಕೆ ಸ್ಟಾಲ್ ಆಗಿರುವುದೇ, ಅಂದರೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕಳೆದುಕೊಂಡಿರುವುದೇ, ಗಾಳಿಗೆ ಅತಿಯಾದ ಕೋನದಲ್ಲಿ ನಿಂತಿರುವುದರಿಂದ. ಎಳೆದಷ್ಟೂ ಅದು ಸ್ಟಾಲ್‌ನಲ್ಲೇ ಉಳಿಯುತ್ತದೆ. ಎಲ್ಲ ವಿಮಾನಕ್ಕೂ ಒಂದೇ ವಿಧಾನ ಅಂದುಕೊಳ್ಳಬೇಡಿ, ಸಿರಸ್ ಎಸ್‌ಆರ್‌22ರ ಕೈಪಿಡಿ ಸ್ಪಿನ್ ಆದರೆ ಇಡೀ ವಿಮಾನದ ಪ್ಯಾರಾಚೂಟ್ ಎಳೆಯಿರಿ ಅನ್ನುತ್ತದೆ. ನಿಮ್ಮ ವಿಮಾನದ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು.

ನನಗೆ ನಿಜವಾಗಿ ಭಯ ಇರುವುದು ಇಳಿಯುವ ಮುಂಚಿನ ಕೊನೆಯ ತಿರುವಿನ ಬಗ್ಗೆ. ಎತ್ತರ 500 ಅಡಿಯ ಆಸುಪಾಸು, ವೇಗ ಕಡಿಮೆ, ಹಿಂದಿನಿಂದ ಗಾಳಿ ತಳ್ಳಿ ವಿಮಾನ ರನ್‌ವೇಯ ನೇರಕ್ಕಿರುವ ಗೆರೆಯನ್ನು ದಾಟಿ ಹೋಗುತ್ತಿದೆ. ಇಷ್ಟು ಕೆಳಗೆ ಜಾಸ್ತಿ ವಾಲಿಸಲು ಪೈಲಟ್‌ಗೆ ಅಂಜಿಕೆ, ಹಾಗಾಗಿ ತಿರುವಿನ ಒಳಗಡೆಗೆ ರಡ್ಡರ್ ಒತ್ತಿ ಮೂತಿಯನ್ನಷ್ಟೇ ತಿರುಗಿಸುತ್ತಾರೆ, ಮೂತಿ ಕುಸಿಯುತ್ತದೆ, ಸ್ಟಿಕ್ ಎಳೆಯುತ್ತಾರೆ, ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ. ಸೆಸ್ನಾ 152ರಂಥ ಸಾಧು ವಿಮಾನಕ್ಕೂ ಒಂದು ಸುತ್ತು ಸ್ಪಿನ್ ಆಗಿ ಚೇತರಿಸಿಕೊಳ್ಳಲು ಸುಮಾರು 1000 ಅಡಿ ಬೇಕು. ಇರುವುದೇ ಅದರಲ್ಲಿ ಅರ್ಧ.

ಅಮೆರಿಕದಲ್ಲಿ ಖಾಸಗಿ ಪೈಲಟ್‌ಗಳಿಗೆ ಸ್ಪಿನ್ ತರಬೇತಿ ಕಡ್ಡಾಯ ಅನ್ನುವುದನ್ನು 1949ರಲ್ಲೇ ಕೈಬಿಟ್ಟು, ಸ್ಟಾಲ್ ಆಗದಂತೆ ನೋಡಿಕೊಳ್ಳುವುದಕ್ಕೆ ಒತ್ತು ಕೊಟ್ಟರು. ಅದು ಸರಿಯೇ. ಆದರೂ ಸ್ಪಿನ್‌ಗೆ ಒಪ್ಪಿಗೆ ಇರುವ ವಿಮಾನದಲ್ಲಿ, ಸಾಕಷ್ಟು ಎತ್ತರದಲ್ಲಿ, ಅನುಭವಿ ಇನ್‌ಸ್ಟ್ರಕ್ಟರ್ ಜೊತೆ ಒಮ್ಮೆಯಾದರೂ ಸ್ಪಿನ್ ನೋಡಲೇಬೇಕು ಅಂತ ನನ್ನ ಅನಿಸಿಕೆ. ಅದು ಹೇಗೆ ಶುರುವಾಗುತ್ತದೆ ಅನ್ನುವುದು ಮೈಗೆ ಗೊತ್ತಾಗಬೇಕು. ಇನ್ನು ಕೊನೆಯ ತಿರುವಿನಲ್ಲಿ ಗೆರೆ ದಾಟಿತೋ, ರಡ್ಡರ್‌ನಿಂದ ಸರಿಮಾಡಲು ಹೋಗಬೇಡಿ. ರೆಕ್ಕೆ ಸಮ ಮಾಡಿ, ಪವರ್ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಹಾಕಿ ಬನ್ನಿ.