ತರಗತಿಯಲ್ಲಿ ಎಷ್ಟು ಮಕ್ಕಳೋ ಅಷ್ಟು ತೆನೆ

"ಕ್ರಿಶ್ಚಿಯನ್ ಮಕ್ಕಳು ಈ ಕೋಣೆಗೆ, ಉಳಿದವರು ಆ ಕೋಣೆಗೆ." ಮಂಗಳೂರು ಸೀಮೆಯ ಚರ್ಚ್ ಶಾಲೆಗಳಲ್ಲಿ ಓದಿದವರಿಗೆ ಈ ಮಾತು ಹೊಸದಲ್ಲ. ಬೆಲ್ ಹೊಡೆದೊಡನೆ ಒಂದು ಗುಂಪು ಧರ್ಮೋಪದೇಶಕ್ಕೆ, ಇನ್ನೊಂದು ನೀತಿಪಾಠಕ್ಕೆ. ನಾನು ಮೂರನೆಯ ತರಗತಿಯಲ್ಲಿದ್ದಾಗ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ, "ಅಲ್ಲಿ ನಿಮಗೆ ಏನು ಹೇಳಿಕೊಡುತ್ತಾರೆ?" ಎಂದು ಕೇಳಿದಳು. "ನಿನಗೆ ಹೇಳಬಾರದು" ಎಂದುಬಿಟ್ಟೆ. ಹಾಗೆ ಹೇಳೆಂದು ಯಾವ ಸಿಸ್ಟರೂ ನನಗೆ ಕಲಿಸಿರಲಿಲ್ಲ. ಮುಚ್ಚಿದ ಬಾಗಿಲು ಕಲಿಸಿತ್ತು. ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆಯ ಜನ್ಮದಿನವೂ ಹೊಸ ತೆನೆಯ ಹಬ್ಬವೂ ಆದ ದಿನಕ್ಕೆ, ಮುಂಚಿನ ಒಂಬತ್ತು ದಿನ ಚರ್ಚಿಗೆ ಹೂ ಒಯ್ಯುವಾಗ, ನಮ್ಮ ಅಂಗಳದ ಹೂ ಸಾಲದಾದರೆ ಬುಟ್ಟಿ ತುಂಬ ಕೇಪಳ ಕೊಯ್ದುಕೊಡುತ್ತಿದ್ದದ್ದು ಅದೇ ಗೆಳತಿಯ ಅಮ್ಮ. ಆ ಉತ್ತರ ನನ್ನನ್ನು ಈಗಲೂ ಚುಚ್ಚುತ್ತದೆ.

ಧರ್ಮೋಪದೇಶ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಅದು ಬೇಕು. ನನ್ನ ಮಕ್ಕಳಿಗೂ ಬೇಕು. ಆದರೆ ಬೇರೆ ಬೇರೆ ಕೋಣೆಗೆ ಹೋದ ಮಕ್ಕಳು ಮರಳಿ ಒಂದೇ ಬೆಂಚಿಗೆ ಬಂದಾಗ ಏನಾಗುತ್ತದೆ ಎಂದು ನಾವು ವಿಚಾರಿಸುವುದೇ ಇಲ್ಲ. ಒಗ್ಗಟ್ಟಿನ ಬಗ್ಗೆ ಭಾಷಣ ಸ್ಪರ್ಧೆ ಇಡುತ್ತೇವೆ, ಗೋಡೆಗೆ ಚಿತ್ರ ಅಂಟಿಸುತ್ತೇವೆ. ಒಗ್ಗಟ್ಟು ಮುರಿಯುವುದು ಮಾತ್ರ ನಮ್ಮದೇ ವೇಳಾಪಟ್ಟಿಯಲ್ಲಿ.

2024ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಹೊರಡಿಸಿತು: ಎಲ್ಲ ಧರ್ಮಗಳನ್ನೂ ಗೌರವಿಸಿ, ಅನ್ಯಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆಗಳನ್ನು ಹೇರಬೇಡಿ, ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಿ. ಪ್ರಸ್ತಾವನೆ ಓದಿಸಬೇಕೆಂದು ಕರ್ನಾಟಕ ಸರ್ಕಾರ 2023ರಲ್ಲೇ ತೀರ್ಮಾನಿಸಿತ್ತು. ಎರಡೂ ಒಳ್ಳೆಯ ಕೆಲಸ. ಆದರೆ "ಭ್ರಾತೃಭಾವನೆ" ಎಂಬಲ್ಲಿ ಏಳು ವರ್ಷದ ಮಗುವಿನ ನಾಲಿಗೆ ತೊಡರುತ್ತದೆ. ಆ ಪದದ ಅರ್ಥವನ್ನು ಮಗು ಸಭೆಯ ಸಾಲಿನಲ್ಲಿ ನಿಂತು ತಿಳಿಯುವುದಿಲ್ಲ. ಅಕ್ಷರ ದಾಸೋಹದ ಅನ್ನ ಉಣ್ಣುವವರು ಒಂದು ಕಡೆ, ಮನೆಯ ಡಬ್ಬಿ ತಂದವರು ಇನ್ನೊಂದು ಕಡೆ ಕೂತರೆ ಅದರ ವಿರುದ್ಧಾರ್ಥ ಬೇಗ ತಿಳಿಯುತ್ತದೆ.

ಕಳೆದ ವರ್ಷ ಒಂದು ಕನ್ನಡ ಮಾಧ್ಯಮ ಚರ್ಚ್ ಶಾಲೆಯ ನಾಲ್ಕನೆಯ ತರಗತಿಗೆ ಹೋಗಿದ್ದೆ. ಅಲ್ಲಿ ಮನೆಯಲ್ಲಿ ಕೊಂಕಣಿ ಆಡುವವರು, ತುಳುವಿನವರು, ಬ್ಯಾರಿಯವರು, ಕಟ್ಟಡ ಕೆಲಸಕ್ಕೆಂದು ಕೊಪ್ಪಳದಿಂದ ಬಂದವರ ಮಕ್ಕಳು, ಎಲ್ಲರೂ ಇದ್ದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬ ಹತ್ತಿರವಿತ್ತು. ಟೀಚರ್ ಒಂದು ಭತ್ತದ ತೆನೆ ತಂದು ಕೈಯಿಂದ ಕೈಗೆ ದಾಟಿಸಿದರು. ಹಸಿ ತೆನೆ, ಬೆರಳಿಗೆ ತುಸು ಒರಟು. ಒಬ್ಬಳು, ಇದನ್ನು ಚರ್ಚಿನಲ್ಲಿ ಆಶೀರ್ವದಿಸಿ ಕೊಡುತ್ತಾರೆ, ಕಾಳು ಸುಲಿದು ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯುತ್ತೇವೆ ಎಂದಳು. ಹಿಂದಿನ ಬೆಂಚಿನ ಹುಡುಗ, ನಮ್ಮಲ್ಲಿ ಇದು ಕುರಲ್, ಬಾಗಿಲಿಗೆ ಕಟ್ಟುತ್ತೇವೆ ಎಂದ. ಕೊಪ್ಪಳದ ಹುಡುಗ ತೆನೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮಾತಿನ ಧಾಟಿಯನ್ನು ಉಳಿದವರು ಅಣಕಿಸುತ್ತಿದ್ದರಂತೆ, ಹಾಗಾಗಿ ಅವನು ಬಾಯಿ ಬಿಡುವುದೇ ಕಡಿಮೆ. ಅಂದು ಬಾಯಿ ಬಿಟ್ಟ. ಜೋಳದ ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಊದಿ ತಿನ್ನುವ ಸೀತನಿಯ ಬಗ್ಗೆ ಹೇಳಿದ. ಉಜ್ಜುವುದು ಹೇಗೆಂದು ಕೈಯಲ್ಲೇ ತೋರಿಸಿದ. ನಲವತ್ತು ಅಂಗೈಗಳು ಅವನಂತೆ ಉಜ್ಜತೊಡಗಿದವು. "ಇಲ್ಲಿ ಸಿಗುವುದಿಲ್ಲವಾ? ಊರಿಗೆ ಹೋದಾಗ ತರುತ್ತೀಯಾ?" ಎಂದು ಕೇಳಿದವರಲ್ಲಿ ಅಣಕಿಸಿದವರೂ ಇದ್ದರು. ಇಷ್ಟಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ.

ಆ ಇಪ್ಪತ್ತು ನಿಮಿಷವನ್ನು ವೇಳಾಪಟ್ಟಿಯಲ್ಲಿ ಬರೆದಿಡಿ ಎಂದು ಚರ್ಚ್ ಶಾಲೆಗಳನ್ನು ನಡೆಸುವವರಲ್ಲಿ ಕೇಳಿಕೊಳ್ಳುತ್ತೇನೆ. ಎರಡು ಕೋಣೆಗಳಿಂದ ಮಕ್ಕಳು ಮರಳಿದ ಮೇಲೆ ಅಂದು ಕಲಿತದ್ದನ್ನು ಒಬ್ಬರಿಗೊಬ್ಬರು ಹೇಳಲಿ. ಊಟದ ಸಾಲು ಒಂದೇ ಆಗಲಿ, ಏಳನೆಯ ತರಗತಿಯವರು ಬಡಿಸಲಿ. ಹೆತ್ತವರು ಆಕ್ಷೇಪಿಸಿದರೆ ಅವರನ್ನೂ ಕರೆದು ಕೂರಿಸಿ.

ಮೊಂತಿ ಹಬ್ಬಕ್ಕೆ ಸಾಮಾನ್ಯವಾಗಿ ಮನೆಯಲ್ಲಿ ಎಷ್ಟು ಜನರೋ ಅಷ್ಟು ತೆನೆ ತರುತ್ತೇವೆ. ಈ ಸಲ ಶಾಲೆಗೂ ಹಾಗೆಯೇ ಎಣಿಸಿ ಕೊಯ್ಯಿರಿ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲೇ ಇದೆ.