ಉಳ್ಳಾಗಡ್ಡಿಯ ಬೇರು, ಉಳ್ಳಾಗಡ್ಡಿಯ ಹೂ

ಮಾನ್ಯ ಅಧ್ಯಕ್ಷರೇ, ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳಿಂದ ಬಂದಿರುವ ಜೀವಶಾಸ್ತ್ರದ ಗುರುಗಳೇ, ಗುರುಮಾತೆಯರೇ,

ನನ್ನದು ಒಂದು ತಕರಾರು. ಪ್ರಥಮ ಪಿಯುಸಿಯಲ್ಲಿ ನಾವು ಕೋಶವಿಭಜನೆ ಕಲಿಸುತ್ತೇವೆ. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಎಂದು ಅದರ ಹಂತಗಳನ್ನು ಮಕ್ಕಳು ಬಾಯಿಪಾಠ ಮಾಡಿ, ಚಿತ್ರ ಬರೆದು, ಅಂಕ ಗಿಟ್ಟಿಸಿ, ಬೇಸಿಗೆ ರಜೆಯಲ್ಲಿ ಮರೆತುಬಿಡುತ್ತಾರೆ. ದ್ವಿತೀಯ ಪಿಯುಸಿಯಲ್ಲಿ ಬಟಾಣಿ ಗಿಡಗಳಿಂದ ಆನುವಂಶಿಕತೆಯ ನಿಯಮ ಕಂಡುಕೊಂಡ ಮೆಂಡೆಲ್ ಬರುತ್ತಾರೆ, ಜೊತೆಗೆ ಪೀಳಿಗೆಯಲ್ಲಿ ಗುಣಗಳು ಹಂಚಿಹೋಗುವ ಅನುಪಾತಗಳು, 3:1, 9:3:3:1. ಲೆಕ್ಕವೇನೋ ಸರಿಯಾಗಿಯೇ ಮಾಡುತ್ತಾರೆ. ಆದರೆ ಬಟಾಣಿ ಗಿಡದ ಎತ್ತರವನ್ನು ನಿರ್ಧರಿಸುವ ಅಂಶ ಜೀವಕೋಶದೊಳಗೆ ಎಲ್ಲಿ ಕೂತಿದೆ ಎಂದು ಕೇಳಿ ನೋಡಿ. ತರಗತಿ ತಣ್ಣಗಾಗುತ್ತದೆ.

ತಪ್ಪು ಮಕ್ಕಳದಲ್ಲ. ವಿಜ್ಞಾನದ ಇತಿಹಾಸದಲ್ಲೂ ಈ ಎರಡು ಪಾಠಗಳು ಬಹಳ ಕಾಲ ಮುಖ ನೋಡಿಕೊಂಡಿರಲಿಲ್ಲ. ಮೆಂಡೆಲ್ ಅವರ ಲೇಖನ ಅಚ್ಚಾದದ್ದು 1866ರಲ್ಲಿ. ಆಗ ಕೋಶಕೇಂದ್ರದೊಳಗಿನ ಎಳೆಗಳಾದ ವರ್ಣತಂತುಗಳ (ಕ್ರೋಮೋಸೋಮ್) ನಡೆ ಯಾರಿಗೂ ಗೊತ್ತಿರಲಿಲ್ಲ. ಜರ್ಮನಿಯ ಫ್ಲೆಮಿಂಗ್ 1882ರಲ್ಲಿ ಮೈಟಾಸಿಸ್, ಅಂದರೆ ಒಂದು ಕೋಶ ತನ್ನಂಥವೇ ಎರಡಾಗುವ ವಿಭಜನೆಯ ಕುರಿತು ದೊಡ್ಡ ಗ್ರಂಥವನ್ನೇ ಬರೆದರು, ಆದರೆ ಅವರ ಕಣ್ಣಿಗೆ ಮೆಂಡೆಲ್ ಬಿದ್ದಿರಲಿಲ್ಲ. 1900ರಲ್ಲಿ ಮೆಂಡೆಲ್ ಮತ್ತೆ ಬೆಳಕಿಗೆ ಬಂದರು. ಅದಾದ ಎರಡು ಮೂರು ವರ್ಷಗಳಲ್ಲೇ ವಾಲ್ಟರ್ ಸಟನ್ ಎಂಬ ತರುಣ ಮಿಡತೆಯ ವೃಷಣದ ಕೋಶಗಳನ್ನು ನೋಡುತ್ತ, ಜೋಡಿಯಾಗಿದ್ದ ವರ್ಣತಂತುಗಳು ಬೇರೆ ಬೇರೆಯಾಗುವುದೂ ಮೆಂಡೆಲ್ ಹೇಳಿದ ಅಂಶಗಳು ಬೇರೆ ಬೇರೆಯಾಗುವುದೂ ಒಂದೇ ಎಂದರು. ಜರ್ಮನಿಯಲ್ಲಿ ಬೊವೆರಿ ಕೂಡ ಅದೇ ಹೊತ್ತಿಗೆ ಅದೇ ದಿಕ್ಕಿನಲ್ಲಿ ಯೋಚಿಸುತ್ತಿದ್ದರು. ಸಟನ್ ಕ್ಯಾನ್ಸಾಸ್ ಸೀಮೆಯ ಒಕ್ಕಲುತನದ ಮನೆಯವರು. ಮಿಡತೆಗೆ ಅವರು ದೂರ ಹುಡುಕಬೇಕಾಗಿರಲಿಲ್ಲ.

ನಾವೂ ದೂರ ಹುಡುಕಬೇಕಿಲ್ಲ. ನಮ್ಮ ಜಿಲ್ಲೆಯ ಉಳ್ಳಾಗಡ್ಡಿಯೊಂದೇ ಎರಡೂ ಪಾಠಗಳಿಗೆ ಸಾಕು.

ಗಡ್ಡೆಯ ಒಣಬೇರು ಕತ್ತರಿಸಿ, ಬುಡ ಮಾತ್ರ ನೀರಿಗೆ ತಾಕುವಂತೆ ಲೋಟದ ಬಾಯಿಯ ಮೇಲೆ ಕೂರಿಸಿ. ಕೆಲವೇ ದಿನಗಳಲ್ಲಿ ಬಿಳಿ ಬೇರುಗಳು ಇಳಿಯುತ್ತವೆ. ಬೆಳಗಿನ ಹೊತ್ತು ಬೇರಿನ ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ ಕತ್ತರಿಸಿ, ಒಂದು ಪಾಲು ಅಸೆಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಒಂದು ದಿನ ಇಡಬೇಕು. ಆಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗಾಗಿಸಿ (ಆಮ್ಲದ ಬಾಟಲಿ ನಿಮ್ಮ ಕೈಯಲ್ಲೇ ಇರಲಿ, ಹಿಂದಿನ ಬೆಂಚಿಗೆ ಹೋಗುವುದು ಬೇಡ), ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣ ಹನಿಸಿ, ತುಸು ಬಿಸಿ ಮಾಡಿ, ಕವರ್ ಸ್ಲಿಪ್ಪಿನ ಮೇಲೆ ಹೆಬ್ಬೆರಳು ಒತ್ತಿ. ಒತ್ತುವಾಗ ಅತ್ತಿತ್ತ ಜಾರಿತೋ, ಎಲ್ಲ ಹೋಯಿತು. ಸೂಕ್ಷ್ಮದರ್ಶಕದಲ್ಲಿ ಬಹುಪಾಲು ಕೋಶಗಳು ಸುಮ್ಮನೆ ಕೂತಂತೆ ಕಾಣುತ್ತವೆ. ಹುಡುಕುತ್ತ ಹೋದರೆ ಒಂದೆಡೆ ಕೆಂಪು ಎಳೆಗಳು, ಅಂದರೆ ವರ್ಣತಂತುಗಳು, ನಡುವೆ ಸಾಲುಗಟ್ಟಿರುತ್ತವೆ, ಇನ್ನೊಂದೆಡೆ ಎರಡು ಗುಂಪಾಗಿ ಎರಡು ತುದಿಗೆ ಸರಿಯುತ್ತಿರುತ್ತವೆ. ಚೆನ್ನಾಗಿ ಹರಡಿದ ಕೋಶ ಸಿಕ್ಕರೆ ಎಣಿಸಬಹುದು: 16. ಇದು ಮೈಟಾಸಿಸ್.

ಇನ್ನು ಹೂವಿಗೆ ಬರೋಣ. ಬೀಜಕ್ಕೆಂದು ಬಿಟ್ಟ ಉಳ್ಳಾಗಡ್ಡಿ ಹೊಲದಿಂದ ಒಂದು ಎಳೆಯ ಹೂಗೊಂಚಲು ತರಿಸಿ. ಅರಳಿದ ಹೂ ಬೇಡ, ಪರಾಗಕೋಶ ಹಳದಿಗೆ ತಿರುಗಿದ್ದರೆ ಹೊತ್ತು ಮೀರಿದೆ ಎಂದೇ ಅರ್ಥ. ಚಿಕ್ಕ ಹಸಿರು ಮೊಗ್ಗುಗಳೇ ಆಗಬೇಕು. ಅದೇ ಬಣ್ಣ, ಅದೇ ಹೆಬ್ಬೆರಳು. ಇಲ್ಲಿ ವರ್ಣತಂತುಗಳು ಮೊದಲು ಜೋಡಿಗೂಡುತ್ತವೆ, ಎಂಟು ಜೋಡಿ. ಆಮೇಲೆ ಪ್ರತಿ ಜೋಡಿಯೂ ಅಗಲುತ್ತದೆ. ಒಂದೊಂದು ಪರಾಗಕ್ಕೆ ಎಂಟೇ ಸಲ್ಲುತ್ತವೆ. ಅರ್ಧಕ್ಕಿಳಿಸುವ ಈ ವಿಭಜನೆಯೇ ಮಿಯಾಸಿಸ್. ಯಾವ ಜೋಡಿಯಿಂದ ಯಾವುದು ಎತ್ತ ಹೋಗುತ್ತದೆ ಎಂಬುದಕ್ಕೆ ಕಟ್ಟಳೆಯಿಲ್ಲ. ಎಂಟು ಎರಡುಗಳನ್ನು ಒಂದಕ್ಕೊಂದು ಗುಣಿಸಿ, 256 ಬಗೆ. ಮನುಷ್ಯರ 23 ಜೋಡಿಗೆ ಇದೇ ಲೆಕ್ಕ ಹಾಕಿದರೆ 83,88,608. ಜೋಡಿಗಳು ಅಗಲುವ ಮುನ್ನ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವುದನ್ನು ನಾನಿನ್ನೂ ಸೇರಿಸಿಯೇ ಇಲ್ಲ. ಮೆಂಡೆಲ್ ಅವರ 9:3:3:1 ಹುಟ್ಟುವುದು ಈ ಮೊಗ್ಗಿನೊಳಗೆ. ಇದನ್ನು ಕಣ್ಣಾರೆ ಕಂಡ ಮಗುವಿಗೆ ಈ ಅನುಪಾತ ಲೆಕ್ಕ ಹಾಕುವ ಪನ್ನೆಟ್ ಚೌಕ ಬರಿಯ ಪದಬಂಧವಾಗಿ ಉಳಿಯುವುದಿಲ್ಲ.

ರೈತರ ಮಕ್ಕಳು ಕೇಳುವ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಹೈಬ್ರಿಡ್ ಬೆಳೆಯ ಬೀಜವನ್ನೇ ತೆಗೆದಿಟ್ಟು ಮರುವರ್ಷ ಬಿತ್ತಿದರೆ ಬೆಳೆ ಏಕೆ ಒಂದೇ ಸಮ ಬರುವುದಿಲ್ಲ? ಏಕೆಂದರೆ ಆ ಬೀಜ ಮಿಯಾಸಿಸ್ ದಾಟಿ ಬಂದಿದೆ, ಕೂಡಿದ್ದ ಗುಣಗಳು ಚದುರಿವೆ. ವಿಜಯಪುರದ ದ್ರಾಕ್ಷಿ ತೋಟದಲ್ಲಿ ಈ ತಾಪತ್ರಯವಿಲ್ಲ. ಅಲ್ಲಿ ಕಡ್ಡಿಯಿಂದ ಬಳ್ಳಿ ಬೆಳೆಸುತ್ತಾರೆ, ಕಸಿ ಕಟ್ಟುತ್ತಾರೆ. ಕಡ್ಡಿ ಚಿಗುರುವುದು ಮೈಟಾಸಿಸ್‌ನಿಂದ. ಹೀಗಾಗಿ ಒಂದು ತಳಿಯ ಬಳ್ಳಿಗಳ ಹಣ್ಣೆಲ್ಲ ಒಂದೇ ಗುಣದ್ದು. ಒಂದು ರೋಗಕ್ಕೆ ಎಲ್ಲವೂ ಒಟ್ಟಿಗೇ ತುತ್ತಾಗುವ ಭಯವೂ ಅದರ ಬೆನ್ನಿಗೇ ಇದೆ.

ಈ ಎರಡನ್ನೂ ಕಲಿತ ಜಾಣರಿಗೆ ಇಂಡಿ ಕಡೆಯ ನಿಂಬೆ ಬೀಜ ಕೊಡಿ. ಕುಂಡದಲ್ಲಿ ಊರಿದರೆ ಒಂದೇ ಬೀಜದಿಂದ ಕೆಲವೊಮ್ಮೆ ಎರಡು ಮೂರು ಸಸಿಗಳು ಏಳುತ್ತವೆ. ಅವುಗಳಲ್ಲಿ ಕೆಲವು ಪರಾಗದ ಹಂಗಿಲ್ಲದೆ, ತಾಯಿಗಿಡದ ಅಂಗಾಂಶದಿಂದಲೇ ಮೈಟಾಸಿಸ್ ಮೂಲಕ ಹುಟ್ಟಿದವು. ಬೀಜದಿಂದ ಬಂದರೂ ಅವು ತಾಯಿಯ ಪಡಿಯಚ್ಚು. ಯಾವುದು ತಾಯಿಯೊಬ್ಬಳದೇ ಕೂಸು, ಯಾವುದಕ್ಕೆ ತಂದೆಯೂ ಉಂಟು ಎಂದು ತರಗತಿಯನ್ನು ಕೇಳಿ. ಎಲೆ ನೋಡಿ ಖಚಿತವಾಗಿ ಹೇಳುವುದು ನಮಗೂ ಆಗದು, ಅದಕ್ಕೆ ಡಿಎನ್‌ಎ ಪರೀಕ್ಷೆಯೇ ಬೇಕು. ಆದರೆ ಮಕ್ಕಳು ಕಾರಣ ಕೊಟ್ಟು ವಾದಿಸಲಿ. ಆ ದಿನದ ಮಟ್ಟಿಗೆ ನೋಟ್ಸ್ ಬರೆಸಬೇಡಿ.