ಖಾಲಿ ಕುರ್ಚಿಗಳ ಮುಂದೆ ನುಡಿಸುವವರು

ಎಲ್ಲರಿಗೂ ನಮಸ್ಕಾರ. ಗಿಟಾರ್ ಬಗ್ಗೆ ಮಾತು ಕೇಳೋಕೆ ಹಾಸನದಲ್ಲಿ ಇಷ್ಟು ಜನ ಸೇರಿದ್ದೀರಿ, ನನಗೆ ತುಂಬಾ ಖುಷಿಯಾಗಿದೆ.

ನಮ್ಮ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ನೋಡಿದ್ದೀರಲ್ವಾ? ಹೊತ್ತಾಗಿರುತ್ತದೆ, ಸೋನೆ ಮಳೆ ಹಿಡಿದಿರುತ್ತದೆ, ಜನ ಒಬ್ಬೊಬ್ಬರೇ ಎದ್ದು ಹೊರಟಿರುತ್ತಾರೆ, ಹಿಂದುಗಡೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸೋದೂ ಶುರುವಾಗಿರುತ್ತದೆ. ಸ್ಟೇಜ್ ಮೇಲಿನವರು ಮಾತ್ರ ಒಂದು ಸ್ವರವನ್ನೂ ಬಿಡದೆ ನುಡಿಸುತ್ತಿರುತ್ತಾರೆ. ಇಂಥದ್ದನ್ನೇ ನೋಡಿ ಹಾಡು ಕಟ್ಟಿದವರು ಮಾರ್ಕ್ ನಾಫ್ಲರ್, ಡೈರ್ ಸ್ಟ್ರೇಟ್ಸ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡಿನ ಗಾಯಕ, ಗಿಟಾರಿಸ್ಟ್.

ಹುಟ್ಟಿದ್ದು 1949ರಲ್ಲಿ, ಗ್ಲಾಸ್ಗೋದಲ್ಲಿ. ಮೊದಲು ಲೀಡ್ಸ್‌ನಲ್ಲಿ ಪತ್ರಿಕೆಯ ವರದಿಗಾರರಾಗಿದ್ದರು, ಆಮೇಲೆ ಕಾಲೇಜಿನಲ್ಲಿ ಪಾಠ ಮಾಡಿದರು. ಒಡಹುಟ್ಟಿದ ತಮ್ಮ ಡೇವಿಡ್, ಜಾನ್ ಇಲ್ಸ್‌ಲಿ, ಪಿಕ್ ವಿದರ್ಸ್ ಜೊತೆ ಬ್ಯಾಂಡ್ ಕಟ್ಟಿದ್ದು 1977ರಲ್ಲಿ. ಆಗ ಕೈಯಲ್ಲಿ ಕಾಸಿರಲಿಲ್ಲ. ಬ್ಯಾಂಡಿನ ಹೆಸರಿನ ಅರ್ಥವೇ ಭಾರಿ ಕಷ್ಟ ಅಂತ.

ಇಂಗ್ಲೆಂಡಿನ ಒಂದು ಪಬ್, ಕೇಳುವವರು ಬೆರಳೆಣಿಕೆಯ ಜನ, ಮೂಲೆಯಲ್ಲಿ ಜಾಝ್ ನುಡಿಸುತ್ತಿದ್ದ ಒಂದು ಸಾಮಾನ್ಯ ತಂಡ. ಕೊನೆಗೆ ಅವರು ‘ನಾವು ಸ್ವಿಂಗ್ ಸಂಗೀತದ ಸುಲ್ತಾನರು’ ಅಂತ ಹೇಳಿ ವಿದಾಯ ಕೋರಿದರು. ಬೇರೆಯವರಾಗಿದ್ದರೆ ಸುಮ್ನೆ ನಕ್ಕು ಎದ್ದು ಹೋಗುತ್ತಿದ್ದರೇನೋ, ನಾಫ್ಲರ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಅದೇ ‘ಸುಲ್ತಾನ್ಸ್ ಆಫ್ ಸ್ವಿಂಗ್’. ಕೆಲಸ ಮುಗಿಸಿ ಬಂದು, ಹೆಸರಿನ ಆಸೆಯಿಲ್ಲದೆ ನುಡಿಸುವವರನ್ನು ಆ ಹಾಡು ಎಷ್ಟು ಗೌರವದಿಂದ ನೋಡುತ್ತದೆ! ಅದರಲ್ಲಿ ವರದಿಗಾರನ ಕಣ್ಣಿದೆ ಅಂತ ನನಗೆ ಅನಿಸುತ್ತದೆ.

ಮೊದಲು ಅದನ್ನು ನ್ಯಾಷನಲ್ ಕಂಪನಿಯ ಲೋಹದ ಗಿಟಾರ್‌ನಲ್ಲಿ ಕಟ್ಟಿದ್ದು, ಆಗ ಅವರಿಗೇ ಅದು ಸಪ್ಪೆ ಅನಿಸಿತ್ತಂತೆ. 1977ರಲ್ಲಿ ಒಂದು ಸ್ಟ್ರ್ಯಾಟೋಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಕೊಂಡು ನುಡಿಸಿದಾಗ ಹಾಡಿಗೆ ಜೀವ ಬಂತು.

ಈಗ ನನ್ನ ಬಲಗೈ ನೋಡಿ. ನಾಫ್ಲರ್ ಎಡಚರು, ಆದರೂ ಗಿಟಾರ್ ಹಿಡಿಯೋದು ನಮ್ಮ ಹಾಗೇ. ಪಿಕ್, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ, ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಇಷ್ಟೇ. ತಂತಿಯನ್ನು ಉಗುರಿನಿಂದಲ್ಲ, ಬೆರಳ ತುದಿಯ ಮಾಂಸದಿಂದ ಎಳೆದು ಬಿಟ್ಟರೆ ಸ್ವರ ಮಾತಾಡಿದ ಹಾಗೆ ಕೇಳುತ್ತದೆ. ನಾನು ಪಿಕ್ ಬಿಟ್ಟು ಹೀಗೆ ಕಲಿಯೋಕೆ ಹೊರಟಾಗ ವಾರಗಟ್ಟಲೆ ಬೆರಳು ಉರಿಯುತ್ತಿತ್ತು, ಊಟಕ್ಕೆ ಕೂತರೆ ಸಾರು ತಾಗಿ ಚುರ್ ಅನ್ನುತ್ತಿತ್ತು. ಆದರೆ ಕೈ ಒಮ್ಮೆ ಪಳಗಿದ ಮೇಲೆ ಮತ್ತೆ ಪಿಕ್ ಮುಟ್ಟಬೇಕು ಅನಿಸಲೇ ಇಲ್ಲ.

1985ರ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮ್ ಕೋಟಿಗಟ್ಟಲೆ ಮಾರಾಟವಾಯಿತು. ಅದರ ಹೊದಿಕೆಯ ಮೇಲಿರೋದು ಕೂಡ 1937ರ ಒಂದು ನ್ಯಾಷನಲ್ ಗಿಟಾರ್. ಸ್ಟೇಡಿಯಂಗಳು ತುಂಬುತ್ತಿದ್ದವು. ಅಷ್ಟೆಲ್ಲ ಇದ್ದರೂ 90ರ ದಶಕದಲ್ಲಿ ಅವರು ಬ್ಯಾಂಡ್ ನಿಲ್ಲಿಸಿ, ತಮ್ಮ ಪಾಡಿಗೆ ತಾವು ಹಾಡು ಬರೆಯತೊಡಗಿದರು. 2024ರ ಜನವರಿಯಲ್ಲಿ ನೂರಕ್ಕೂ ಜಾಸ್ತಿ ಗಿಟಾರ್‌ಗಳನ್ನು ಲಂಡನ್ನಿನಲ್ಲಿ ಹರಾಜಿಗಿಟ್ಟು, ಬಂದ ಹಣದಲ್ಲಿ ಕಾಲು ಭಾಗವನ್ನು ಸೇವಾಸಂಸ್ಥೆಗಳಿಗೆ ಕೊಟ್ಟರು.

ಈಗ ಆ ಸುಲ್ತಾನರ ಹಾಡಿನ ವಿಡಿಯೊ ಹಾಕುತ್ತೇನೆ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಅವರ ಬಲಗೈ ಚೆನ್ನಾಗಿ ಕಾಣಬೇಕು.